ಮಾಹಿತಿದಾರ 11ರಿಗೆ, ಮತ್ತೆ ಉಳಿದವರಿಗೆ

ಹೋದ ಗುರುವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಒಂಬತ್ತು ವರ್ಷದಿಂದ ಯಾರ ಮನೆ ಮದುವೆಗೆ ಹೋದರೂ "ಇನ್ನೂ ಮುಗಿದಿಲ್ವಾ?" ಅಂತ ಕೇಳಿಸಿಕೊಂಡವಳು ನಾನು. ಮುಗಿಯಿತು ಅತ್ತೆ. ಮುಗಿಯಿತು ಚಿಕ್ಕಪ್ಪ. ಮೈಸೂರು ಪಾಕ್ ಹಂಚಿದ್ದೂ ಆಯಿತು.

ನಾನು ಏನು ಓದುತ್ತಿದ್ದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ವಾಯಾಂಗ್ ಕುಲಿತ್ ಅಂತ ಒಂದು ಆಟ ಇದೆ. ಕುಲಿತ್ ಅಂದರೆ ತೊಗಲು. ನಮ್ಮ ತೊಗಲುಗೊಂಬೆಯಾಟಕ್ಕೆ ದೂರದ ನೆಂಟ ಅನ್ನಿ. ಎಮ್ಮೆ ಚರ್ಮದ ಗೊಂಬೆ, ಬಿಳಿ ಪರದೆ, ಒಂದು ದೀಪ, ಹಿಂದೆ ಗಮೆಲಾನ್ ಮೇಳ. ಕತೆ ಹೆಚ್ಚಾಗಿ ಪಾಂಡವರದು. ಗೊಂಬೆ ಆಡಿಸುವವನಿಗೆ ದಲಾಂಗ್ ಅನ್ನುತ್ತಾರೆ. ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಗಿನ ಜಾವದವರೆಗೆ ಏಳುವುದಿಲ್ಲ. ಎಲ್ಲ ಪಾತ್ರದ ದನಿಯೂ ಅವನದೇ. ಆಡಿಸುವವರೂ ನೋಡುವವರೂ ಬಹುಪಾಲು ಮುಸ್ಲಿಮರು. 1966ರಲ್ಲಿ ಅಧಿಕಾರ ಹಿಡಿದು 1998ರ ಮೇ 21ರಂದು ಕೆಳಗಿಳಿದ ಸುಹಾರ್ತೊ ಅವರ ಸರ್ಕಾರ ತನ್ನ ಮಾತನ್ನು ಹಳ್ಳಿಗೆ ಮುಟ್ಟಿಸಲು ಈ ಆಟವನ್ನು ಹೇಗೆ ಬಳಸಿಕೊಂಡಿತು, ಹಳ್ಳಿಯವರು ಆ ಮಾತನ್ನು ಏನು ಮಾಡಿದರು, ಇದು ನನ್ನ ಪ್ರಬಂಧ.

"ತುಮಕೂರಿನವಳಿಗೆ ಜಾವಾ ಯಾಕೆ?" ಅಂತಲೂ ತುಂಬಾ ಜನ ಕೇಳಿದ್ದಾರೆ. ಚಿಕ್ಕವಳಿದ್ದಾಗ ನಮ್ಮೂರ ಜಾತ್ರೆಯಲ್ಲಿ ತೊಗಲುಗೊಂಬೆ ಆಡಿಸುತ್ತಿದ್ದರು. ರಾಮ ರಾವಣ ಬಂದಾಗ ನಾನು ಅಜ್ಜಿ ತೊಡೆ ಮೇಲೆ ನಿದ್ದೆ. ಕಿಳ್ಳೇಕ್ಯಾತ, ಬಂಗಾರಕ್ಕ ಬಂದರೆ ಮಾತ್ರ ಎಬ್ಬಿಸಬೇಕು. ಆ ಗೊಂಬೆಗಳು ಊರ ಗೌಡರನ್ನೇ ಆಡಿಕೊಳ್ಳುತ್ತಿದ್ದವು, ಗೌಡರು ಮುಂದೆ ಕೂತು ನಗುತ್ತಿದ್ದರು. ಮಾರನೇ ದಿನ ಅದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಗತಿ ಏನಾಗುತ್ತಿತ್ತು? ಆ ಪ್ರಶ್ನೆ ತಲೆಯಲ್ಲೇ ಉಳಿದಿತ್ತು. ಎಂ.ಎ. ಓದುವಾಗ ಜಾವಾದಲ್ಲೂ ಹೀಗೇ ಮಧ್ಯರಾತ್ರಿ ಹೊತ್ತಿಗೆ ಸೆಮಾರ್ ಎಂಬ ಮುದಿ ಸೇವಕ, ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್ ಬಂದು ಎಲ್ಲರನ್ನೂ ಗೇಲಿ ಮಾಡುತ್ತಾರೆ ಅಂತ ಗೊತ್ತಾಯಿತು. ಆ ಭಾಗಕ್ಕೆ ಗೊರೊ-ಗೊರೊ ಅನ್ನುತ್ತಾರೆ. ಅಲ್ಲಿಗೆ ನನ್ನ ಹಣೆಬರಹ ಗಟ್ಟಿಯಾಯಿತು.

ಪ್ರಬಂಧದ ಶುರುವಿನಲ್ಲಿ ಒಂದೂವರೆ ಪುಟ ಕೃತಜ್ಞತೆ ಇದೆ. ಗೈಡ್ ಮೇಡಂ, ಲೈಬ್ರರಿಯವರು, ವಿಭಾಗದವರು ಎಲ್ಲ ಅಲ್ಲಿದ್ದಾರೆ. ಆದರೆ ನಿಜಕ್ಕೂ ಕೆಲಸ ಕಲಿಸಿದ 34 ಜನ ಅಲ್ಲಿಲ್ಲ. ಅವರು ಪ್ರಬಂಧದ ಒಳಗೆ ನಂಬರ್‌ಗಳಾಗಿ ಕೂತಿದ್ದಾರೆ. ಮಾಹಿತಿದಾರ 1, ಮಾಹಿತಿದಾರ 2, ಹೀಗೆ. ಅದಕ್ಕೇ ಈ ಬರಹ. ಇಲ್ಲೂ ಹೆಸರು ಹೇಳುವುದಿಲ್ಲ.

ಯಾಕೆ ಅಂತ ಹೇಳಲೇಬೇಕು. 1965ರ ಅಕ್ಟೋಬರ್‌ನಿಂದ ಮುಂದಿನ ವರ್ಷದವರೆಗೆ ಆ ದೇಶದಲ್ಲಿ ಕಮ್ಯುನಿಸ್ಟರು ಅಂತ ಅನುಮಾನ ಬಂದವರನ್ನೆಲ್ಲ ಹುಡುಕಿ ಕೊಂದರು. ಐದರಿಂದ ಹತ್ತು ಲಕ್ಷ ಜನ ಅನ್ನುವುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಕಮ್ಯುನಿಸ್ಟ್ ಪಕ್ಷಕ್ಕೆ ಹತ್ತಿರವಿದ್ದ ಲೆಕ್ರಾ ಎಂಬ ಸಾಂಸ್ಕೃತಿಕ ಸಂಘದ ನಂಟಿದ್ದ ದಲಾಂಗ್‌ಗಳೂ ಸಿಕ್ಕಿಬಿದ್ದರು. ಕೆಲವರು ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿದ್ದರು. ಹೊರಗೆ ಬಂದ ಮೇಲೂ ಪರದೆ ಮುಂದೆ ಕೂರುವಂತಿರಲಿಲ್ಲ. ಮಾಹಿತಿದಾರ 22 ಅಂಥ ಒಬ್ಬರ ಮಗಳು. ಆಕೆ ನನಗೆ ಮೂರು ಸಲ ಟೀ ಕೊಟ್ಟು ಕಳಿಸಿದರು, ಏನೂ ಹೇಳಲಿಲ್ಲ. ನಾಲ್ಕನೇ ಸಲ ಒಳಗೆ ಕರೆದು ಒಂದು ಮರದ ಪೆಟ್ಟಿಗೆ ತೆರೆದರು. ಒಳಗೆ ಅಪ್ಪನ ಗೊಂಬೆಗಳು. ಹಳೇ ಸೀರೆಯಂಥ ಬಾತಿಕ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. "ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕ್ತೀನಿ, ಹುಳ ಬೀಳಬಾರದು ಅಂತ," ಅಂದರು. ಅಷ್ಟೇ. ರೆಕಾರ್ಡರ್ ಆನ್ ಮಾಡಲಿಲ್ಲ. ಪ್ರಬಂಧದಲ್ಲಿ ಆಕೆಯ ಹೆಸರಿನ ಜಾಗದಲ್ಲಿ ನಂಬರ್ ಇದೆ, ಮಾತಿನ ಜಾಗದಲ್ಲಿ ಒಂದು ಸಾಲು ಇದೆ. ಅಮ್ಮ, ಆ ಟೀಗೆ ಥ್ಯಾಂಕ್ಸ್.

ಮಾಹಿತಿದಾರ 3 ನನಗೆ ಬೈದವರು. ಪೆಸಾಂತ್ರೆನ್ ಅಂದರೆ ಇಸ್ಲಾಂ ಧರ್ಮ ಕಲಿಸುವ ವಸತಿ ಶಾಲೆ. ಅದರ ಯಜಮಾನರ ಹೆಂಡತಿಗೆ ನ್ಯಾಯಿ ಅನ್ನುತ್ತಾರೆ, ಇವರು ಅಂಥವರೊಬ್ಬರು. ನಾನು ಬಹಳ ಜಂಬದಿಂದ ಒಂದು ಪಾಯಿಂಟ್ ಹಿಡಿದುಕೊಂಡು ಅವರ ಬಳಿ ಹೋಗಿದ್ದೆ. ಜಾವಾದ ಮಹಾಭಾರತದಲ್ಲಿ ಧರ್ಮರಾಯನ ಬಳಿ ಕಲಿಮಸಾದ ಅಂತ ಒಂದು ಪವಿತ್ರ ಹೊತ್ತಗೆ ಇರುತ್ತದೆ. ಅದು ಇಸ್ಲಾಮಿನ ಕಲಿಮಾ ಶಹಾದತ್, ಅಂದರೆ ನಂಬಿಕೆಯ ಸಾಕ್ಷಿ ವಚನ, ಅಂತ ಜನ ಹೇಳುತ್ತಾರೆ. ಹೊತ್ತಗೆಯನ್ನು ಓದಿ ಹೇಳುವವರು ಸಿಗದೆ ಧರ್ಮರಾಯನಿಗೆ ಸಾವೇ ಬರಲಿಲ್ಲವಂತೆ. ಕಾಡಿನಲ್ಲಿ ಕಾದು ಕೂತಿದ್ದನಂತೆ. ಕೊನೆಗೆ ಸಂತ ಸುನನ್ ಕಾಲಿಜಾಗಾ ಬಂದು ಓದಿ ಹೇಳಿದ ಮೇಲೆ ನೆಮ್ಮದಿಯಿಂದ ಹೋದನಂತೆ. ನನ್ನ ಪಾಯಿಂಟ್ ಏನು ಅಂದರೆ, ಇಸ್ಲಾಂ ಅಲ್ಲಿ ಹರಡುವ ಮೊದಲೇ, 1157ರಲ್ಲಿ ಕೆದಿರಿ ರಾಜ್ಯದಲ್ಲಿ ಬರೆದ ಹಳೇ ಜಾವಾ ಕಾವ್ಯದಲ್ಲೇ ಆ ಹೊತ್ತಗೆಗೆ ಕಲಿಮಹೋಷಧ ಅನ್ನುವ ಹೆಸರಿದೆ. ಹಾಗಾಗಿ ಒಳಗಿರುವುದು ನಮ್ಮದೇ, ಮೇಲೆ ಬಣ್ಣ ಮಾತ್ರ ಬೇರೆ, ಅಲ್ವಾ?

ನ್ಯಾಯಿ ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ನಮ್ಮ ಮನೆ ಗೋಡೆ ಕೆರೆದು ನಿಮ್ಮ ಮನೆ ಹುಡುಕ್ತಾ ಇದ್ದೀಯಾ?"

ನನ್ನ ಬಾಯಿ ಬಂದ್. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತು ತೆಗೆದರು. "ನಿಮ್ಮಲ್ಲಿ ದ್ರೌಪದಿಗೆ ಐದು ಜನ ಗಂಡಂದಿರಂತೆ, ಹೌದಾ?" ಜಾವಾದಲ್ಲಿ ಅವಳು ಧರ್ಮರಾಯನೊಬ್ಬನ ಹೆಂಡತಿ. ನಾನು ಹೇಳಿದೆ, ಮೂಲದಲ್ಲಿ ಐವರು, ಆದರೆ ನಮ್ಮ ಕನ್ನಡದ ಪಂಪ 941ರಲ್ಲೇ ಅವಳನ್ನು ಅರ್ಜುನನೊಬ್ಬನಿಗೆ ಮದುವೆ ಮಾಡಿಸಿದ ಅಂತ. ನ್ಯಾಯಿ ಕಡಲೆಕಾಯಿ ಬಿಟ್ಟು ನಕ್ಕರು. "ಹಾಗಾದ್ರೆ ಅದು ಪಂಪನ ಕತೆ ಆಯ್ತು. ಇದು ನಮ್ಮ ಕತೆ. ಬರ್ಕೊ."

ವಾಪಸ್ ಬಂದು ಎರಡನೇ ಅಧ್ಯಾಯ ಪೂರ್ತಿ ಹೊಡೆದು ಹಾಕಿದೆ. ಎಂಟು ತಿಂಗಳ ಕೆಲಸ. ಆಗ ಅತ್ತಿದ್ದು ನಿಜ. ಈಗ ಓದಿದರೆ ಪ್ರಬಂಧದಲ್ಲಿ ಸ್ವಲ್ಪ ಮರ್ಯಾದೆಯಾಗಿರುವುದು ಮತ್ತೆ ಬರೆದ ಅದೊಂದೇ ಅಧ್ಯಾಯ. ನ್ಯಾಯಿ ಮಾತು ಕೇಳಿದ ಮೇಲೆ ಕುದುಸ್ ಊರಿಗೆ ಹೋದೆ. ಅಲ್ಲಿನ ಹಳೇ ಮಸೀದಿಯ ಮಿನಾರು ಕೆಂಪು ಇಟ್ಟಿಗೆಯದು, ನೋಡಲು ಥೇಟ್ ದೇವಸ್ಥಾನದ ಗೋಪುರ. ಹಿಂದೂಗಳಿಗೆ ನೋವಾಗಬಾರದು ಅಂತ ಸಂತ ಸುನನ್ ಕುದುಸ್ ಹಸು ಕೊಯ್ಯಬೇಡಿ ಅಂದಿದ್ದರಂತೆ. ಇವತ್ತಿಗೂ ಆ ಊರಿನಲ್ಲಿ ಸೊತೊ ಸಾರಿಗೆ ಎಮ್ಮೆ ಮಾಂಸ ಅಥವಾ ಕೋಳಿ. ಹೋಟೆಲಿನ ಹುಡುಗನನ್ನು ಯಾಕೆ ಅಂತ ಕೇಳಿದೆ. "ಇದು ಕುದುಸ್, ಅದಕ್ಕೆ," ಅಂದ. ಇಷ್ಟು ಸೊಗಸಾದ ಉತ್ತರ ನನ್ನ ಇಡೀ ಗ್ರಂಥಋಣದಲ್ಲಿ ಇಲ್ಲ. ಆ ಹುಡುಗನಿಗೆ ನಂಬರ್ ಕೂಡ ಕೊಟ್ಟಿಲ್ಲ, ಪಾಪ.

ಯೋಗ್ಯಕರ್ತಾದ ನಮ್ಮ ಪಿಜಿ ಆಂಟಿಗೆ, ಅಲ್ಲಿಯ ಮಾತಿನಲ್ಲಿ ಇಬು ಕೊಸ್‌ಗೆ, ಒಂದು ದೊಡ್ಡ ನಮಸ್ಕಾರ. ಜಾವಾ ಭಾಷೆಯಲ್ಲಿ ಊಟ ಮಾಡುವುದಕ್ಕೆ ಸಲಿಗೆಯಲ್ಲಿ ಮಂಗಾನ್, ಮರ್ಯಾದೆಯಲ್ಲಿ ನೆಧಾ, ದೊಡ್ಡವರು ಉಣ್ಣುವಾಗ ಧಾಹಾರ್. ನಮ್ಮ ನೀನು-ನೀವು ಏನೂ ಅಲ್ಲ ಇದರ ಮುಂದೆ. ಹೋದ ಹೊಸತರಲ್ಲಿ ನಾನು ಆಂಟಿಗೆ "ನಾನು ಧಾಹಾರ್ ಮಾಡಿದೆ" ಅಂದೆ. ಅಂದರೆ "ನಾವು ಭೋಜನಕ್ಕೆ ದಯಮಾಡಿಸಿದ್ದೆವು" ಅಂದ ಹಾಗೆ. ಬೀದಿಗೆಲ್ಲ ಹೇಳಿಕೊಂಡು ನಕ್ಕರು. ಆಮೇಲೆ ಅವರೇ ಸಮಾಧಾನ ಮಾಡಿದರು: ವಾಯಾಂಗ್‌ನಲ್ಲಿ ಭೀಮ ಕೂಡ ದೇವರು ದಿಂಡರು ಅನ್ನದೆ ಎಲ್ಲರಿಗೂ ಸಲಿಗೆಯ ಮಾತೇ ಆಡೋದು, ನೀನೂ ಭೀಮ ಆಗಿಬಿಡು ಅಂತ. ಮುಂದಿನ ಸಲ ಮೈಸೂರು ಪಾಕ್ ಒಯ್ದಿದ್ದೆ. ಅಲ್ಲಿ ಪಾಕ್ ಅಂದರೆ ಯಜಮಾನರೇ, ಸಾರ್ ಅಂತ. "ಈ ಮೈಸೂರಿನ ಯಜಮಾನರು ಬಾಯಲ್ಲಿ ಕರಗ್ತಾರೆ," ಅಂದರು. ಸೇಡು ತೀರಿತು.

ಕಷ್ಟದ ವಿಷಯ ಜಾಸ್ತಿ ಬರೆಯುವುದಿಲ್ಲ. ಫೆಲೋಶಿಪ್ ದುಡ್ಡು ಹದಿನಾಲ್ಕು ತಿಂಗಳು ಬರಲಿಲ್ಲ. ಯಾವ ಆಫೀಸಿನ ತಪ್ಪು ಅಂತ ಈಗ ಕೆದಕಿ ಉಪಯೋಗ ಇಲ್ಲ. ಅಕ್ಕ ತನ್ನ ಬಳೆ ಅಡವಿಟ್ಟಳು, ನನಗೆ ಗೊತ್ತಾಗಿದ್ದು ಬಿಡಿಸಿಕೊಂಡ ಮೇಲೆ. ಅತಿಥಿ ಉಪನ್ಯಾಸಕಿ ಸಂಬಳದಲ್ಲಿ ಬಾಡಿಗೆ ಕಟ್ಟಿದೆ. 2020ರ ಮಾರ್ಚ್‌ನಲ್ಲಿ ಎರಡನೇ ಸಲ ಹೊರಡಲು ಬ್ಯಾಗ್ ಕಟ್ಟಿದ್ದೆ. ಲಾಕ್‌ಡೌನ್ ಬಂತು. ಅಪ್ಪ ಹೋದರು. ಆರು ತಿಂಗಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಆಗ ನನ್ನನ್ನು ಎಬ್ಬಿಸಿ ಕೂರಿಸಿದ್ದು ಕಿ ಸೆನೊ ನುಗ್ರೊಹೊ. ಇವರ ಹೆಸರು ಹೇಳಬಹುದು, ಯೋಗ್ಯಕರ್ತಾದ ಹೆಸರಾಂತ ದಲಾಂಗ್. ಊರೂರಿನ ಆಟ ನಿಂತುಹೋದಾಗ ಯೂಟ್ಯೂಬ್‌ನಲ್ಲಿ ಲೈವ್ ಆಡಿಸಿದರು. ಅಲ್ಲಿ ಒಂಬತ್ತು ಗಂಟೆ ಅಂದರೆ ನಮಗೆ ಏಳೂವರೆ. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು. ಭಾಷೆ ಬರುವುದಿಲ್ಲ, ಆದರೆ ಬಾಗೊಂಗ್ ಬಂದ ಕೂಡಲೇ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮ ನಕ್ಕಿದ್ದು ಅವತ್ತೇ ಮೊದಲು. ಹೊರದೇಶಗಳಲ್ಲಿ ದುಡಿಯುವ ಜಾವಾದ ಹೆಣ್ಣುಮಕ್ಕಳೂ ಆ ಆಟಗಳನ್ನು ನೋಡುತ್ತಿದ್ದರು, ಚಾಟ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪ್ರಬಂಧದ ಕೊನೇ ಅಧ್ಯಾಯ ಹುಟ್ಟಿದ್ದು ಅಲ್ಲಿಂದ. 2020ರ ನವೆಂಬರ್‌ನಲ್ಲಿ ಕಿ ಸೆನೊ 48 ವರ್ಷಕ್ಕೇ ತೀರಿಕೊಂಡರು. ಒಂದು ಸಲವೂ ಮುಖತಃ ಭೇಟಿಯಾಗಿ ಇದನ್ನು ಹೇಳಲಾಗಲಿಲ್ಲ.

ಇನ್ನು ಮಾಹಿತಿದಾರ 11. ವಯಸ್ಸು ಎಂಬತ್ತು ದಾಟಿದೆ. ಒಂದು ಕಾಲಕ್ಕೆ ವಾರ್ತಾ ಇಲಾಖೆಯ ಹಳ್ಳಿ ಮಟ್ಟದ ನೌಕರ. ಇಲಾಖೆಯ ಹೆಸರು ಪೆನೆರಾಂಗಾನ್, ತೆರಾಂಗ್ ಅಂದರೆ ಬೆಳಕು. ಬೆಳಕು ಕೊಡುವ ಇಲಾಖೆ! 1999ರಲ್ಲಿ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಅದನ್ನು ಮುಚ್ಚಿಸಿದರು. 11 ಅವರ ಮನೆಯಲ್ಲಿ ಕೆಂಪು ಬಣ್ಣದ ಖೊಂಗ್ ಗುವಾನ್ ಬಿಸ್ಕೆಟ್ ಡಬ್ಬಿ ಇತ್ತು. ಆ ದೇಶದಲ್ಲಿ ಮನೆಮನೆಯಲ್ಲೂ ಈ ಡಬ್ಬಿ, ಆದರೆ ತೆರೆದರೆ ಬಿಸ್ಕೆಟ್ ಇರಲ್ಲ, ಅಕ್ಕಿ ಸಂಡಿಗೆ ಇರುತ್ತೆ ಅನ್ನುವುದು ಅವರದೇ ಜೋಕು. ಇವರ ಡಬ್ಬಿಯಲ್ಲಿ ಸಂಡಿಗೆಯೂ ಇರಲಿಲ್ಲ. ವರದಿಗಳ ಕಾರ್ಬನ್ ಕಾಪಿ ಇತ್ತು.

ಒಂದು ಕಾಗದ ಎತ್ತಿ ತೋರಿಸಿ ಆ ರಾತ್ರಿಯ ಕತೆ ಹೇಳಿದರು. ಕುಟುಂಬ ಯೋಜನೆಯ ಪ್ರಚಾರ ಜೋರಾಗಿದ್ದ ಕಾಲ. "ದುವಾ ಅನಾಕ್ ಚುಕುಪ್", ಎರಡು ಮಕ್ಕಳು ಸಾಕು. ಆ ಮಾತನ್ನು ಆಟದಲ್ಲಿ ಸೇರಿಸಬೇಕು ಅಂತ ದಲಾಂಗ್‌ಗೆ ಚೀಟಿ ಕೊಟ್ಟರು. ಗೊರೊ-ಗೊರೊ ಬಂತು. ಪೆತ್ರುಕ್ ಭಾಷಣ ಶುರುಮಾಡಿದ: ಎರಡು ಮಕ್ಕಳು ಸಾಕು ಅಂತ ಸರ್ಕಾರ ಹೇಳಿದೆ. ಗಾರೆಂಗ್ ಒಂದು, ನಾನು ಎರಡು. ಎಲ್ಲರೂ ಮೂರನೆಯವನಾದ ಬಾಗೊಂಗ್ ಕಡೆ ತಿರುಗಿದರು. ಹಳೇ ಕತೆ ಪ್ರಕಾರ ಬಾಗೊಂಗ್ ಹುಟ್ಟಿದ್ದು ಸೆಮಾರ್‌ನ ನೆರಳಿನಿಂದ. ಬಾಗೊಂಗ್ ಹೊಟ್ಟೆ ಸವರಿಕೊಂಡು ಹೇಳಿದನಂತೆ: "ನಾನು ಮಗ ಅಲ್ಲ ಸ್ವಾಮಿ, ನೆರಳು. ನನ್ನನ್ನ ಲೆಕ್ಕಕ್ಕೆ ತಗೋಬೇಡಿ. ನೆರಳಿಗೆ ಅಕ್ಕಿ ಮಾತ್ರ ಕೊಡಿ."

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತಂತೆ. ಲೆಕ್ಕಕ್ಕಿಲ್ಲದ ಮಕ್ಕಳು ಎಲ್ಲರ ಮನೆಯಲ್ಲೂ ಇದ್ದರು. ಮುಂದೆ ಕೂತಿದ್ದ ಸಾಹೇಬರೂ ನಕ್ಕರಂತೆ. 11 ಬೆಳಿಗ್ಗೆ ವರದಿ ಬರೆದರು. ಆ ಕಾರ್ಬನ್ ಕಾಪಿಯೇ ನನ್ನ ಕೈಯಲ್ಲಿದ್ದದ್ದು. ಅದರಲ್ಲಿ ಒಂದೇ ಸಾಲು: ಸಂದೇಶ ತಲುಪಿಸಲಾಗಿದೆ.

ಸರ್ಕಾರಿ ದಫ್ತರಗಳನ್ನಷ್ಟೇ ನೋಡಿದ್ದರೆ ನಾನೂ ಆ ಸಾಲನ್ನು ನಂಬಿ ಅಧ್ಯಾಯ ಮುಗಿಸುತ್ತಿದ್ದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಮುಕ್ಕಾಲು ಗಂಟೆ ಕೇಳಿದ್ದು ಈ ಒಂದು ರಾತ್ರಿಯ ಬಗ್ಗೆಯೇ.

ಮೊನ್ನೆ ಆ ಪುಟಗಳನ್ನು ಇಂಡೋನೇಷ್ಯಾ ಭಾಷೆಗೆ ಮಾಡಿ ಅವರ ಮೊಮ್ಮಗಳ ವಾಟ್ಸಾಪ್‌ಗೆ ಕಳಿಸಿದೆ. ಓದಿ ಹೇಳಿಸಿಕೊಂಡು ಅಜ್ಜ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಮೊದಲು ಅಭಿನಂದನೆ. ಆಮೇಲೆ ಒಂದು ತಕರಾರು. ಸುಹಾರ್ತೊ ಕೈಗೆ ಅಧಿಕಾರ ಬಂದದ್ದು 1966ರ ಮಾರ್ಚ್ 11ರ ಆದೇಶ ಪತ್ರದಿಂದ. ಅದನ್ನು ಸೂಪರ್‌ಸೆಮಾರ್ ಅಂತ ಚಿಕ್ಕದು ಮಾಡಿ, ಸೆಮಾರ್‌ನ ಹೆಸರನ್ನೂ ಅದಕ್ಕೆ ಅಂಟಿಸಿಕೊಂಡಿದ್ದರು. "ಇಡೀ ಜೀವಮಾನ ಆ ಹನ್ನೊಂದರ ಕೆಳಗೆ ಕೆಲಸ ಮಾಡಿದೆ ಮಗಳೇ. ಈಗ ನಿನ್ನ ಪುಸ್ತಕದಲ್ಲೂ ನಾನು ಹನ್ನೊಂದಾ? ಬೇರೆ ನಂಬರ್ ಇರಲಿಲ್ವಾ?"

ನನಗಿದು ಹೊಳೆದೇ ಇರಲಿಲ್ಲ. ಸಂದರ್ಶನ ಮಾಡಿದ ಸಾಲಿನಲ್ಲಿ ನಂಬರ್ ಹಾಕಿದ್ದೆ, ಅಷ್ಟೇ. ಬೈಂಡಿಂಗ್ ಆಗಿಹೋಗಿದೆ ಪಾಕ್, ಬದಲಾಯಿಸೋಕೆ ಆಗಲ್ಲ, ಕ್ಷಮಿಸಿ ಅಂದೆ. ತುಂಬಾ ಥ್ಯಾಂಕ್ಸ್ ಅಂತಲೂ ಅಂದೆ.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು, ಈ ಸಲ ಅವರೇ ಟೈಪ್ ಮಾಡಿದ್ದು: ಸಂದೇಶ ತಲುಪಿಸಲಾಗಿದೆ.