ಎಂಎಲ್ ಬರೆಯುವ ಮುಂಚೆ ಬಾಟಲಿ ನೋಡು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದು ಕೇಳಿ ಖುಷಿಯಾಯಿತು. ಮಕ್ಕಳಿಗೆ ಸಿರಪ್ ಬರೆಯುವಾಗ ಕೈ ನಡುಗುತ್ತದೆ ಅಂದೆಯಂತೆ, ನಿಮ್ಮಮ್ಮ ಹೇಳಿದಳು. ನಡುಗಲಿ ಬಿಡು. ಧೈರ್ಯ ಜಾಸ್ತಿ ಇರುವವರನ್ನು ಕಂಡರೇ ನನಗೆ ಭಯ.

ಮೊದಲು ತೂಕ. ತಾಯಿ "ಹನ್ನೆರಡು ಕೆಜಿ ಇರಬೇಕು" ಅಂದರೆ ಒಪ್ಪಬೇಡ, ತೂಗು. ಮಗು ಅತ್ತು ರಂಪ ಮಾಡಿದರೆ ತಾಯಿ ಎತ್ತಿಕೊಂಡೇ ನಿಲ್ಲಲಿ, ಆಮೇಲೆ ಅವಳ ತೂಕ ಕಳೆ.

ಈಗ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ತಗೋ. ನ್ಯುಮೋನಿಯಾ, ಮಗು 12 ಕೆಜಿ. ಕೆಜಿಗೆ 80 ಮಿಗ್ರಾಂ ಅಂದರೆ 960. ಇದು ಇಡೀ ದಿನದ್ದು. ಎರಡು ಹೊತ್ತಿಗೆ ಹಂಚಿದರೆ ಹೊತ್ತಿಗೆ 480. ಎಡವುವುದು ಇಲ್ಲೇ. ಪ್ಯಾರಸಿಟಮಾಲ್ ಅನ್ನು ಹೊತ್ತಿಗೆ ಕೆಜಿಗೆ 15 ಅಂತ ಬಾಯಿಪಾಠ ಮಾಡಿರುತ್ತೇವಲ್ಲ, ಅದೇ ರೂಢಿಯಲ್ಲಿ 960ನ್ನು ದಿನಕ್ಕೆರಡು ಸಲ ಬರೆದುಬಿಡುತ್ತಾರೆ.

ಆಮೇಲೆ ಬಾಟಲಿ. 5 ಎಂಎಲ್‌ಗೆ 125 ಮಿಗ್ರಾಂ ಇರುವುದೂ ಬರುತ್ತದೆ, 250 ಇರುವುದೂ ಬರುತ್ತದೆ. 250ರದ್ದಾದರೆ 1 ಎಂಎಲ್‌ನಲ್ಲಿ 50. ನಮ್ಮ 480ಕ್ಕೆ 9.6 ಎಂಎಲ್, ಸಿರಿಂಜಿನ ಗೆರೆ ನೋಡಿ 9.5 ಬರೆ. 125ರದ್ದಾದರೆ 19 ಎಂಎಲ್ ಆಗುತ್ತದೆ. ಅಷ್ಟನ್ನು ಕುಡಿಸೋಕೆ ಹೋಗಿ ನೋಡು, ಅರ್ಧ ನಿನ್ನ ಸೀರೆ ಮೇಲಿರುತ್ತದೆ! ಕೂಸುಗಳ ಡ್ರಾಪ್ಸ್ ಇನ್ನೂ ಗಟ್ಟಿ, 1 ಎಂಎಲ್‌ಗೇ 100 ಇರುತ್ತದೆ. ಅದಕ್ಕೇ ಚೀಟಿಯಲ್ಲಿ ಸುಮ್ನೆ "9.5 ಎಂಎಲ್" ಅಂತ ಬರೆದು ಬಿಡಬೇಡ. ಮಿಗ್ರಾಂ, ಎಂಎಲ್, ಯಾವ ಬಾಟಲಿ, ಮೂರೂ ಇರಲಿ. ಔಷಧಿ ಕೊಡುವವರ ಹತ್ತಿರ ಬೇರೆ ಬಾಟಲಿ ಇದ್ದರೆ ಆಗ ಅವರೇ ನಿನ್ನನ್ನು ಕೇಳುತ್ತಾರೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಅನ್ನೋ ಇನ್ನೊಂದು ಔಷಧಿ ಸೇರಿದ ಸಿರಪ್‌ಗೆ 5 ಎಂಎಲ್‌ಗೆ 228.5 ಮಿಗ್ರಾಂ ಅಂತ ಬರೆದಿದ್ದರೆ, ಲೆಕ್ಕ ಹಾಕುವುದು ಅದರೊಳಗಿನ ಅಮಾಕ್ಸಿಸಿಲಿನ್ 200ರ ಮೇಲೆ.

"ಎರಡು ಚಮಚ" ಅಂತ ಮಾತ್ರ ಹೇಳಬೇಡ. ಒಂದೊಂದು ಮನೆ ಚಮಚ ಒಂದೊಂದು ಅಳತೆ. ಸೂಜಿ ಇಲ್ಲದ ಸಿರಿಂಜ್ ಕೊಡು, ತಾಯಿಯ ಕೈಯಲ್ಲೇ ಒಮ್ಮೆ ಎಳೆಸಿ ನೋಡು.

ಸಿರಪ್ ಬಾಟಲಿಯಲ್ಲಿ ಪುಡಿಯಾಗಿ ಬಂದರೆ ಅದಕ್ಕೆ ನೀರು ಬೆರೆಸುವುದನ್ನೂ ನೀನೇ ತೋರಿಸು. ಕುದಿಸಿ ಆರಿಸಿದ ನೀರು. ಕುಲುಕಿದ ಮೇಲೆ ಮಟ್ಟ ಇಳಿಯುತ್ತದೆ, ಆಗ ಮತ್ತೆ ಬಾಟಲಿಯ ಮೇಲಿನ ಗೆರೆವರೆಗೆ ತುಂಬಬೇಕು. ಗೆರೆ ದಾಟಿ ಸುರಿದರೆ ನಿನ್ನ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪ್ರತಿ ಸಲ ಕುಲುಕಿಯೇ ಕುಡಿಸಲಿ. ಉಳಿದದ್ದನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡುವುದು ಬೇಡ.

ದೊಡ್ಡ ಹುಡುಗರಿಗೆ ಕೆಜಿ ಲೆಕ್ಕ ದೊಡ್ಡವರ ಡೋಸನ್ನೂ ಮೀರಬಹುದು, ಅಲ್ಲಿಗೆ ನಿಲ್ಲಿಸು. ಇನ್ನು ಬರೀ ನೆಗಡಿ ಅಂತ ಬಂದ ಮಗುವಿಗೆ ಈ ಲೆಕ್ಕವೇ ಬೇಡ. ತಾಯಿ ಹಟ ಹಿಡಿದರೂ ಆಂಟಿಬಯಾಟಿಕ್ ಬರೆಯಬೇಡ, ಉಸಿರು ಜೋರಾದರೆ ತಕ್ಷಣ ಕರೆದುಕೊಂಡು ಬಾ ಅಂತ ಹೇಳಿ ಕಳಿಸು.

ಇಂತಿ ನಿನ್ನ ಸೋದರಮಾವ