ಐವತ್ತು ವರ್ಷ ಕೈಹಿಡಿದ ಊರಿಗೆ

ಉಡುಪಿ ಸೀಮೆಯ ನಮ್ಮ ರೋಟರಿ ಕ್ಲಬ್ಬಿಗೆ ಈ ಜೂನ್ 30ಕ್ಕೆ ಐವತ್ತು ವರ್ಷ ತುಂಬಿತು. ರೋಟರಿಯಲ್ಲಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಂದಿನಿಂದ ಹೊಸ ಅಧ್ಯಕ್ಷರು, ಹೊಸ ತಂಡ. ಕೋಶಾಧಿಕಾರಿಯಾಗಿದ್ದ ನಾನು ಲೆಕ್ಕದ ಪುಸ್ತಕ ಒಪ್ಪಿಸುವ ಮೊದಲು ಕೆಲವರಿಗೆ ಕೈಮುಗಿಯಬೇಕು. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಶಾಲು, ಹಾರ, ಸ್ಮರಣಿಕೆ ಬಹುಪಾಲು ಕ್ಲಬ್ಬಿನವರಿಗೇ ಸಂದವು. ದುಡ್ಡು ಕೊಟ್ಟವರು, ಮೈಮುರಿದು ದುಡಿದವರು ಎದುರಿನ ಕುರ್ಚಿಗಳಲ್ಲಿದ್ದರು. ಕೆಲವರು ಹಿಂದೆ ಊಟ ಬಡಿಸುವ ಗಡಿಬಿಡಿಯಲ್ಲಿದ್ದರು.

ಮೊದಲ ನಮಸ್ಕಾರ ಯಕ್ಷಗಾನದವರಿಗೆ. ನಮ್ಮ ಕಣ್ಣಿನ ಶಿಬಿರಗಳು ನಡೆದದ್ದೇ ಸಹಾಯಾರ್ಥ ಯಕ್ಷಗಾನ ಆಟದ ಟಿಕೆಟಿನಿಂದ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವುದರೊಳಗೆ ಒಂದು ರಾತ್ರಿ ಆಟ ಗೊತ್ತುಮಾಡಿ, ಮನೆಮನೆಗೆ ಹೋಗಿ ಟಿಕೆಟ್ ಮಾರುತ್ತಿದ್ದೆವು. ಒಂದು ವರ್ಷ ನಡುರಾತ್ರಿ ಮಳೆ ಹೊಡೆದು ಆಟ ಅರ್ಧಕ್ಕೇ ನಿಂತಿತು. ನೆನೆದುಕೊಂಡು ಮನೆಗೆ ಹೋದವರಲ್ಲಿ ಒಬ್ಬರೂ ಹಣ ವಾಪಸ್ ಕೇಳಲಿಲ್ಲ. ಬಾಕಿ ಚುಕ್ತಾ ಮಾಡಲು ಕಲಾವಿದರು ಬಣ್ಣ ಹಚ್ಚುವ ಚೌಕಿಗೆ ಹೋದರೆ, ಅರ್ಧ ಬಣ್ಣ ತೆಗೆದಿದ್ದ ಹಿರಿಯ ವೇಷಧಾರಿಯೊಬ್ಬರು ತಮ್ಮ ಪಾಲಿನಿಂದ ಒಂದು ನೋಟು ಎಳೆದು, “ಇದು ಕಣ್ಣಿನ ಲೆಕ್ಕಕ್ಕೆ ಇರಲಿ” ಎಂದು ನನ್ನ ಕೈಗಿಟ್ಟರು. ನೋಟಿನ ಮೂಲೆಗೆ ಅವರ ಬೆರಳಿನ ಕೆಂಪು ಹತ್ತಿತ್ತು. ರಸೀದಿ ಯಾರ ಹೆಸರಿಗೆ ಎಂದು ಕೇಳಿದರೆ ಹೆಸರು ಬೇಡ ಎಂದರು.

ಆಗೆಲ್ಲ ಶಾಲೆಯ ಕೋಣೆಯಲ್ಲೇ ಶಿಬಿರ. ಬೆಂಚು ಜೋಡಿಸಿದರೆ ಅದೇ ಮಂಚ. ಗಂಜಿ, ಚಟ್ನಿ ಊರಿನ ಮಹಿಳಾ ಮಂಡಳದ್ದು. ಈಗ ಪೊರೆ ತೆಗೆದು ಲೆನ್ಸ್ ಹಾಕುವುದು ಆಸ್ಪತ್ರೆಯಲ್ಲೇ, ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ಆದರೂ ಹೆದರಿ ಕೂತ ಅಜ್ಜ ಅಜ್ಜಿಯರನ್ನು ಒಪ್ಪಿಸಿ ಕರೆತರುವವರು ಬೇಕಲ್ಲ. ರಿಕ್ಷಾ ಸ್ಟ್ಯಾಂಡಿನ ಅಣ್ಣಂದಿರು ಬಾಡಿಗೆ ಕೇಳದೆ ಆ ಕೆಲಸ ಮಾಡಿದರು. ಮಲ್ಪೆ ಕಡೆಯ ಮೀನು ಮಾರುವ ಅಮ್ಮಂದಿರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದಿರುವಾಗ. ಶಿಬಿರವನ್ನು ಆಗ ಇಡಿ ಎಂದು ಹೇಳಿಕೊಟ್ಟವರೂ ಅವರೇ.

ಪೋಲಿಯೊ ಎಂದರೆ ರೋಟರಿ ಎನ್ನುವವರಿದ್ದಾರೆ. 1985ರಲ್ಲಿ ರೋಟರಿ ಪೋಲಿಯೊ ಪ್ಲಸ್ ಎಂಬ ಲಸಿಕೆ ಅಭಿಯಾನ ಆರಂಭಿಸಿದ್ದು ನಿಜ, ನಮಗೆ ಅದರ ಹೆಮ್ಮೆಯೂ ಇದೆ. ನಮ್ಮ ಊರಿನ ಮಟ್ಟಿಗೆ ಮಾತ್ರ ಹೇಳುವುದಾದರೆ, ಬ್ಯಾನರ್, ಚಹಾ, ಜೀಪು ನಮ್ಮದು. ಕೆಲಸ ಅಂಗನವಾಡಿ ಟೀಚರುಗಳದ್ದು, ಆಶಾ ಕಾರ್ಯಕರ್ತೆಯರದ್ದು. ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಬೂತಿಗೆ ಬಾರದ ಮಗುವಿನ ಮನೆ ಹುಡುಕಿ, ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಶಾಯಿ ಗುರುತು ಮಾಡಿ ಮುಂದಿನ ಮನೆಗೆ ನಡೆದವರು ಅವರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಒಂದು ಪ್ರಕರಣವೂ ಇಲ್ಲ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಾಗ ಅವರಲ್ಲಿ ಎಷ್ಟೋ ಮಂದಿ ನಿವೃತ್ತರಾಗಿದ್ದರು. ಅಕ್ಕಂದಿರೇ, ಆ ಪತ್ರ ನಿಮ್ಮದು.

ಪೇಟೆಯ ಅಂಗಡಿಯವರನ್ನು ಹೇಗೆ ಮರೆಯಲಿ! 1928ರಲ್ಲಿ ದಿನಕ್ಕೆ 2 ಆಣೆಯ ಪಿಗ್ಮಿ ಉಳಿತಾಯ ಶುರುಮಾಡಿ ಬ್ಯಾಂಕನ್ನೇ ಬೆಳೆಸಿದ ಊರು ನಮ್ಮದು. ಡಯಾಲಿಸಿಸ್ ನಿಧಿಗೂ ದಿನಕ್ಕಿಷ್ಟು ಕೊಡುತ್ತೇವೆ ಎಂದು ಅವರಾಗಿಯೇ ಮುಂದೆ ಬಂದರು. ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ್ದಾಗಲೂ ಕೆಲವರು ನಿಲ್ಲಿಸಲಿಲ್ಲ. ದೊಡ್ಡ ಚೆಕ್ಕುಗಳೂ ಬಂದಿವೆ, ಮುಂಬಯಿಯ ಹೋಟೆಲಿನವರಿಂದ ವಿಶೇಷವಾಗಿ, ಅವರಿಗೂ ವಂದನೆ. ಆದರೆ ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ ಬೇಕು, ಒಂದು ವಾರವೂ ತಪ್ಪುವ ಹಾಗಿಲ್ಲ. ಅಂಥದ್ದಕ್ಕೆ ಆಧಾರವಾದದ್ದು ಈ ಚಿಲ್ಲರೆ ಹಣವೇ ಎಂದು ಲೆಕ್ಕ ಬರೆದ ನಾನು ಎದೆ ತಟ್ಟಿ ಹೇಳಬಲ್ಲೆ.

ಬಿಲ್ಲಿಗೆ ಅವಸರ ಮಾಡದ ಪ್ರೆಸ್ಸಿನವರಿಗೆ, ಮೈದಾನ ಬಿಟ್ಟುಕೊಟ್ಟ ಶಾಲೆಗಳಿಗೆ, ಭಜನಾ ಮಂಡಳಿಯ ಹುಡುಗರಿಗೆ ಋಣಿ.

ಹೊಸ ತಂಡ ಒಂದು ಮಾತಿಗೆ ಒಪ್ಪಿದೆ. ನಾವು ಕಟ್ಟಿಸಿದ ಬಸ್ ತಂಗುದಾಣಗಳಿಗೆ ಈ ಸಲ ಬಣ್ಣ ಹೊಡೆಸುವಾಗ ಕ್ಲಬ್ಬಿನ ಹೆಸರಿನ ಮೇಲೆ ‘ಊರವರ ದೇಣಿಗೆಯಿಂದ’ ಎಂದು ಬರೆಸುತ್ತೇವೆ. ಲೆಕ್ಕಪತ್ರ ಸಭಾಭವನದಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು. ಹಣ ಕೊಟ್ಟೂ ರಸೀದಿ ಸಿಗದವರಿದ್ದರೆ ದಯವಿಟ್ಟು ತಿಳಿಸಿ, ಮನೆಗೇ ತಂದುಕೊಡುತ್ತೇನೆ.