ಆ ಒಪ್ಪಂದವೂ ನಡಾವಳಿ ಪುಸ್ತಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಪುರಸಭೆ, ನಗರಸಭೆಗಳ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಒಂದು ಪದ ದಪ್ಪಕ್ಷರದಲ್ಲಿ ಇದ್ದೇ ಇರುತ್ತದೆ: ‘ಅತಂತ್ರ’. ಯಾವ ಪಕ್ಷಕ್ಕೂ ಬಹುಮತ ಬಾರದ ಊರುಗಳ ಪಟ್ಟಿ, ಅದರ ಕೆಳಗೆ ಪಕ್ಷೇತರರ ಭಾವಚಿತ್ರ. ಏನೋ ಅನಾಹುತ ಆಯಿತೆಂಬ ಧಾಟಿಯಲ್ಲಿ ಸುದ್ದಿ ಬರೆದಿರುತ್ತಾರೆ. ಆ ಪದವನ್ನು ಓದಿದಾಗಲೆಲ್ಲ ನನಗೆ ಹೇಳಬೇಕೆನಿಸುತ್ತದೆ: ಬಹುಮತ ಬಾರದಿರುವುದು ಅನಾಹುತವಲ್ಲ, ಅಧಿಕಾರಕ್ಕಾಗಿ ಕೂಡಿದವರ ಒಪ್ಪಂದ ಬರಹದಲ್ಲಿ ಇಲ್ಲದಿರುವುದೇ ಅನಾಹುತ. ಅಂಥ ಸದನಗಳಲ್ಲಿ ಕೂತು ಸದಸ್ಯರಾಡಿದ ಮಾತನ್ನೆಲ್ಲ ಬರೆದುಕೊಂಡವಳು ನಾನು.

1986ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಕೆಲಸಕ್ಕೆ ಸೇರಿದೆ, 2022ರಲ್ಲಿ ನಿವೃತ್ತಳಾದೆ. ಬಹುಪಾಲು ಸೇವೆ ಒಂದೇ ಪುರಸಭೆಯಲ್ಲಿ. ಅದರಲ್ಲೂ ಕೊನೆಯ 17 ವರ್ಷ ಸಾಮಾನ್ಯ ಸಭೆಯ ನಡಾವಳಿ, ಅಂದರೆ ಸಭೆಯ ಚರ್ಚೆ, ನಿರ್ಣಯಗಳ ದಾಖಲೆ ಬರೆಯುವ ಕೆಲಸ ನನ್ನದಾಗಿತ್ತು. ಅಧ್ಯಕ್ಷರ ಎಡಗಡೆ ಮುಖ್ಯಾಧಿಕಾರಿ, ಅವರ ಪಕ್ಕದ ಸಣ್ಣ ಮೇಜಿನಲ್ಲಿ ನಾನು. ಊರಿನ ಹೆಸರು ಹೇಳುವುದಿಲ್ಲ. ಅಂದಿನ ಸದಸ್ಯರು ಈಗಲೂ ಸಂತೆಯಲ್ಲಿ ಸಿಕ್ಕಿದರೆ ನಿಂತು ಮಾತಾಡಿಸುತ್ತಾರೆ, ಅವರಿಗೆ ಮುಜುಗರ ಮಾಡುವುದು ನನ್ನ ಉದ್ದೇಶವಲ್ಲ.

ನಾನು ಮೊದಲು ನಡಾವಳಿ ಬರೆದ ಸದನದಲ್ಲಿ 23 ಸ್ಥಾನಗಳ ಪೈಕಿ 16 ಒಂದೇ ಪಕ್ಷದವು. ಒಂದು ಸಭೆಯಂತೂ ಚೆನ್ನಾಗಿ ನೆನಪಿದೆ. ಅಜೆಂಡಾದಲ್ಲಿ 38 ವಿಷಯಗಳಿದ್ದವು. ಮುಖ್ಯಾಧಿಕಾರಿ ವಿಷಯದ ಸಂಖ್ಯೆ ಹೇಳುವುದು, ಸದಸ್ಯರು ‘ಪಾಸ್’ ಅನ್ನುವುದು, ನಾನು ‘ಸರ್ವಾನುಮತದಿಂದ ಅಂಗೀಕರಿಸಲಾಗಿದೆ’ ಎಂದು ಬರೆಯುವುದು. ಊಟದ ಹೊತ್ತಿಗೆ 38ನೆಯದೂ ಮುಗಿದಿತ್ತು. ಅದರಲ್ಲಿ ಬಸ್ ನಿಲ್ದಾಣದ ಮಳಿಗೆಗಳ ಬಾಡಿಗೆ ಅವಧಿಯನ್ನು ಹರಾಜಿಲ್ಲದೆ ಮುಂದುವರಿಸುವ ವಿಷಯವೂ ಒಂದು. ಖರ್ಚು ಮಾಡಿ ಮುಗಿಸಿದ ಹಣಕ್ಕೆ ಘಟನೋತ್ತರ ಮಂಜೂರಾತಿ ಕೇಳುವ ಐದಾರು ವಿಷಯಗಳೂ ಇದ್ದವು. ಯಾರೂ ಏನನ್ನೂ ಕೇಳಲಿಲ್ಲ. ಅಂಥ ಸದನವನ್ನು ಯಾವ ಪತ್ರಿಕೆಯೂ ಅತಂತ್ರವೆಂದು ಕರೆಯಲಿಲ್ಲ, ‘ಸ್ಪಷ್ಟ ಬಹುಮತ’ ಎಂದಿತು.

2007ರಲ್ಲಿ ಜನ ಬೇರೆ ತೀರ್ಪು ಕೊಟ್ಟರು. 9, 7, 4, ಜೊತೆಗೆ 3 ಪಕ್ಷೇತರರು. ಯಾರೂ ಹನ್ನೆರಡು ಮುಟ್ಟಲಿಲ್ಲ. ಎರಡು ಗುಂಪು ಕೂಡಿ ಅಧ್ಯಕ್ಷರ ಆಯ್ಕೆಯಾಯಿತು. ಮೂವತ್ತು ತಿಂಗಳ ಅವಧಿಯಲ್ಲಿ ಮೊದಲ ಹದಿನೈದು ಇವರಿಗೆ, ಉಳಿದ ಹದಿನೈದು ಅವರಿಗೆ. ಅಲ್ಲಿಯವರೆಗೆ ಎಲ್ಲ ಊರುಗಳಂತೆಯೇ. ಆದರೆ ಹಳೇ ಬಸ್ ನಿಲ್ದಾಣದ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬ ಪಕ್ಷೇತರ ಸದಸ್ಯರಿದ್ದರು. ಮೊದಲ ಸಾಮಾನ್ಯ ಸಭೆಯ ಕೊನೆಗೆ, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬಲ್ಲಿಗೆ ಬಂದಾಗ ಅವರು ಎದ್ದು ನಿಂತು, ನಾವು ಏನೆಂದು ಒಪ್ಪಿಕೊಂಡು ಕೈ ಎತ್ತಿದೆವೋ ಅದನ್ನು ಇಲ್ಲೇ ಓದಬೇಕೆಂದು ಹಟ ಹಿಡಿದರು. ಗದ್ದಲವಾಯಿತು. ಅದು ಪಕ್ಷಗಳ ಒಳಗಿನ ಮಾತು, ಸಭೆಗೆ ಸಂಬಂಧವಿಲ್ಲ ಎಂದು ಹಲವರು ಕೂಗಿದರು. ಅವರು ಕೂರಲಿಲ್ಲ. ನನ್ನ ಕಡೆ ತಿರುಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಬರ್ಕೊಳ್ಳಿ ಅಮ್ಮಾ. ಹದಿನೈದು ತಿಂಗಳಾದ ಮೇಲೆ ನಮಗ್ಯಾರಿಗೂ ಇದು ನೆನಪಿರಲ್ಲ. ನಿಮ್ಮ ಪುಸ್ತಕದಲ್ಲಿರುತ್ತೆ.”

ಬರೆದೆ. ಒಂದೂವರೆ ಪುಟ. ಯಾರು ಯಾವ ತಿಂಗಳವರೆಗೆ ಅಧ್ಯಕ್ಷರು, ಸ್ಥಾಯಿ ಸಮಿತಿ ಯಾರಿಗೆ, ಮಳಿಗೆಗಳನ್ನು ಬಹಿರಂಗ ಹರಾಜಿನಲ್ಲೇ ಕೊಡುವುದು, ತಿಂಗಳ ಜಮಾ ಖರ್ಚನ್ನು ಓದಿ ಹೇಳದೆ ಅಂಗೀಕರಿಸದಿರುವುದು. ಅಧ್ಯಕ್ಷರು ಮತ್ತು ಮುಂದಿನ ಅವಧಿಗೆ ಒಪ್ಪಿಕೊಂಡವರು ಇಬ್ಬರೂ ಅದರ ಕೆಳಗೆ ಸಹಿ ಹಾಕಿದರು.

ಆ ಐದು ವರ್ಷ ನನ್ನ ಕೈ ನೋಯುವಷ್ಟು ಬರೆಯಬೇಕಾಯಿತು. ಒಂದೊಂದು ಸಭೆ ಸಂಜೆ ಐದರವರೆಗೆ. ಪೌರಕಾರ್ಮಿಕರ ಕೈಗವಸು, ಗಮ್‌ಬೂಟು ಖರೀದಿಯ ಬಿಲ್ಲನ್ನು ಒಬ್ಬ ಸದಸ್ಯೆ ಮೂರು ಸಲ ಓದಿಸಿ, ಸ್ಟೋರಿಗೆ ಹೋಗಿ ಎಣಿಸಿಕೊಂಡು ಬಂದರು. ಮಳಿಗೆಗಳ ಹರಾಜು ನಡೆಯಿತು, ಬಾಡಿಗೆ ಹೆಚ್ಚಿತು. ಒಬ್ಬರನ್ನೊಬ್ಬರು ನಂಬದ ಜನ ಒಟ್ಟಿಗೆ ಕೂತಾಗ ಲೆಕ್ಕ ಸರಿಯಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ಹದಿನಾರನೇ ತಿಂಗಳು ಅಧ್ಯಕ್ಷರು ರಾಜೀನಾಮೆ ಕೊಡಲು ಸ್ವಲ್ಪ ಹಿಂದೆ ಮುಂದೆ ನೋಡಿದ್ದು ನಿಜ. ಸಭೆಯಲ್ಲಿ ಆ ಪುಟ ಓದಿಸಿದರು. ಓದಿದವಳು ನಾನೇ. ಅದೇ ವಾರ ರಾಜೀನಾಮೆ ಬಂತು.

2013ರ ಸದನವೂ ಹಾಗೆಯೇ ಬಂತು: 10, 8, 2, ಪಕ್ಷೇತರರು 3. ಶಾಸಕರು, ಸಂಸದರಿಗೂ ಮತವಿರುವುದರಿಂದ ಒಟ್ಟು 25, ಗೆಲ್ಲಲು 13. ಹತ್ತು ಸ್ಥಾನದ ಪಕ್ಷಕ್ಕೆ ಅವರಿಬ್ಬರ ಮತವೂ ಸೇರಿ ಹನ್ನೆರಡಾಯಿತು, ಇನ್ನೊಂದು ಬೇಕು. ಚುನಾವಣೆಗೆ ನಾಲ್ಕು ದಿನ ಮೊದಲು ಮೂವರು ಪಕ್ಷೇತರರೂ ಊರಲ್ಲಿರಲಿಲ್ಲ. ಒಬ್ಬರ ಮನೆಯಲ್ಲಿ ಮಗುವಿಗೆ ಜ್ವರ, ಅವರ ಯಜಮಾನರು ಕಚೇರಿಗೆ ಬಂದು, “ಮೇಡಂ, ಎಲ್ಲಿದ್ದಾರಂತ ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದ್ದರು. ಚುನಾವಣೆಯ ದಿನ ಸಮಯಕ್ಕೆ ಹತ್ತು ನಿಮಿಷ ಮುಂಚೆ ಗೇಟಿನ ಮುಂದೆ ಟೆಂಪೋ ಟ್ರಾವೆಲರ್ ನಿಂತಿತು. ತಹಸೀಲ್ದಾರರು ಕೈ ಎತ್ತಿಸಿದರು. 13ಕ್ಕೆ 12.

ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಮೀಸಲಿತ್ತು. ಗೆದ್ದವರು ಹೊಲಿಗೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು, ಮೊದಲ ಸಲ ಸದಸ್ಯೆ. ಹದಿನೈದು ತಿಂಗಳಾದ ಮೇಲೆ, ಮತ ಕೊಟ್ಟು ಅವರನ್ನು ಗೆಲ್ಲಿಸಿದ ಪಕ್ಷೇತರ ಸದಸ್ಯೆಗೆ ಕುರ್ಚಿ ಬಿಟ್ಟುಕೊಡಬೇಕೆಂದು ಮಾತಾಗಿತ್ತಂತೆ. ದೇವರ ಮುಂದೆ ವೀಳ್ಯ ಇಟ್ಟು ಆಣೆ ಮಾಡಿದ್ದರಂತೆ. ಇದೆಲ್ಲ ಅಂತೆ, ಏಕೆಂದರೆ ನನ್ನ ಪುಸ್ತಕದಲ್ಲಿ ಒಂದು ಅಕ್ಷರವೂ ಇಲ್ಲ. ಗಡುವು ಮುಗಿಯಿತು, ಅವರು ರಾಜೀನಾಮೆ ಕೊಡಲಿಲ್ಲ. ವಚನಭ್ರಷ್ಟೆ ಎಂದು ಊರೆಲ್ಲ ಬೈಯಿತು. ಒಂದು ದಿನ ಕಡತಕ್ಕೆ ಸಹಿ ಹಾಕಿಸಲು ಹೋದಾಗ ಅವರು ಬಾಗಿಲು ಮುಂದೆ ಮಾಡಿ ಹೇಳಿದರು: “ಮೇಡಂ, ಆಣೆ ಮಾಡಿದವ್ರು ಯಾರೋ. ನನ್ನನ್ನ ಒಂದು ಮಾತು ಕೇಳಿಲ್ಲ. ನಾನು ಕೊಡದೇ ಇರೋ ಮಾತಿಗೆ ನನ್ನನ್ನ ಕಳ್ಳಿ ಅಂತಾರಲ್ಲ.” ಅವರ ಕಣ್ಣಲ್ಲಿ ನೀರಿತ್ತು. ಅಂದಿನಿಂದ ಅವರನ್ನು ತಪ್ಪಿತಸ್ಥೆ ಎನ್ನಲು ನನಗೆ ಬಾಯಿ ಬಂದಿಲ್ಲ. ಕುರ್ಚಿಗಾಗಿ ಒಂದೂಕಾಲು ವರ್ಷ ಕಾದ ಆ ಇನ್ನೊಬ್ಬ ಸದಸ್ಯೆಯದೂ ತಪ್ಪಲ್ಲ.

ಮುಂದೆ ನಡೆದದ್ದಕ್ಕೆ ದಂಡ ತೆತ್ತವರು ಊರಿನವರು. ಸಿಟ್ಟಾದ ಸದಸ್ಯೆ ಆಚೆ ಗುಂಪಿಗೆ ಹೋದರು. ಅವಿಶ್ವಾಸ ನಿರ್ಣಯಕ್ಕೆ ಸಾಲುವಷ್ಟು ಬಲ ಅವರಿಗೂ ಇಲ್ಲ, ಸಭೆಯಲ್ಲಿ ವಿಷಯ ಗೆಲ್ಲಿಸಿಕೊಳ್ಳುವಷ್ಟು ಇವರಿಗೂ ಇಲ್ಲ. ‘ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ’ ಎಂಬ ಒಂದೇ ಸಾಲನ್ನು ನಾನು ಎಷ್ಟು ಸಲ ಬರೆದೆನೋ. ಊರಿಗೆ ನೀರೆತ್ತುವ ಜಾಕ್‌ವೆಲ್ಲಿನ ಎರಡನೇ ಮೋಟಾರು ಸುಟ್ಟಿತ್ತು. ಅದರ ಅಂದಾಜು ಪಟ್ಟಿಯನ್ನು ನಾಲ್ಕು ಸಭೆಗಳಲ್ಲಿ ಮುಂದೂಡಿದರು. ಆ ಬೇಸಿಗೆ ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ನೀರು, ಅದೂ ರಾತ್ರಿ ಎರಡಕ್ಕೆ. ಬಿಂದಿಗೆ ಹಿಡಿದು ನಿಂತ ಹೆಂಗಸರು, “ನೀವೇ ಆಫೀಸಲ್ಲಿ ಇದೀರಲ್ಲಕ್ಕಾ” ಅನ್ನುತ್ತಿದ್ದರು. ನಾನೂ ಅವರ ಸಾಲಿನಲ್ಲೇ ನಿಂತಿರುತ್ತಿದ್ದೆ.

ಸಣ್ಣ ಊರಿನ ಕತೆ ಇದು ಎನ್ನುವವರು ದೊಡ್ಡ ಊರುಗಳನ್ನು ನೋಡಲಿ. ಮೈಸೂರು ಪಾಲಿಕೆಯ 65 ವಾರ್ಡುಗಳಲ್ಲಿ 2018ರಲ್ಲಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಗೆದ್ದವು. ಅದೇ ಸದನ ಐದು ವರ್ಷದಲ್ಲಿ ಮೂರೂ ಪಕ್ಷಗಳ ಮೇಯರ್‌ಗಳನ್ನು ಕಂಡಿತು. ಯಾರು ಯಾರೊಂದಿಗೆ ಯಾವ ಷರತ್ತಿನ ಮೇಲೆ ಕೂಡಿದರು ಎಂಬುದನ್ನು ಮತ ಹಾಕಿದವರು ಮೂಲಗಳ ಪ್ರಕಾರ, ಬಲ್ಲವರ ಪ್ರಕಾರ ಎಂದೇ ಓದಬೇಕಾಯಿತು. ಕಲಬುರಗಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ 55 ವಾರ್ಡುಗಳ ಫಲಿತಾಂಶ ಬಂತು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ, ಒಂದೇ ಮತದ ಅಂತರದಲ್ಲಿ, ಅದೂ ಬಿಜೆಪಿಗೆ. ಹದಿನೆಂಟು ತಿಂಗಳು ಆ ನಗರದ ಸದಸ್ಯರು ಏನು ಮಾಡಬೇಕಿತ್ತು? ಬೆಂಗಳೂರಿನಲ್ಲಿ 2015ರಲ್ಲಿ 198ರ ಪೈಕಿ 100 ವಾರ್ಡು ಗೆದ್ದ ಪಕ್ಷ ವಿರೋಧದಲ್ಲಿ ಕೂತಿತು. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರ ಮತ ಸೇರಿದಾಗ ಲೆಕ್ಕ ತಿರುಗಿ, 76 ಮತ್ತು 14 ಗೆದ್ದ ಎರಡು ಪಕ್ಷಗಳು ಕೂಡಿ ಮೇಯರ್ ಸ್ಥಾನ ಪಡೆದವು. ಕಾನೂನು ಪ್ರಕಾರ ಸರಿಯೇ ಇರಬಹುದು. ವಾರ್ಡಿನ ಮತದಾರನಿಗೆ ಅದನ್ನು ವಿವರಿಸಿ ಒಪ್ಪಿಸುವುದು ನನ್ನಿಂದಾಗದು.

ಇಷ್ಟು ಗೋಜಲಿರುವಾಗ ಚುನಾಯಿತರೇ ಬೇಡ, ಆಡಳಿತಾಧಿಕಾರಿ ಇದ್ದರೆ ಸಾಕು ಎನ್ನುವವರನ್ನು ನೋಡಿದ್ದೇನೆ, ನಮ್ಮ ಮನೆಯಲ್ಲೇ ಇದ್ದಾರೆ. ಅದನ್ನೂ ಅನುಭವಿಸಿದ್ದೇವೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳು ಮತ ಹಾಕಿದವು. ಅಧ್ಯಕ್ಷರ ಮೀಸಲಾತಿಯ ತಕರಾರು ಹೈಕೋರ್ಟಿನಲ್ಲಿತ್ತು. ಆಯ್ಕೆ ನಡೆದದ್ದು 2020ರ ಅಕ್ಟೋಬರ್, ನವೆಂಬರ್‌ನಲ್ಲಿ. ಆ ಎರಡು ವರ್ಷ ನನ್ನ ನಡಾವಳಿ ಪುಸ್ತಕ ಬೀರುವಿನಲ್ಲೇ ಇತ್ತು. ಗೆದ್ದ ಸದಸ್ಯರು ಕಚೇರಿಯ ಹೊರಗಿನ ಬೆಂಚಿನಲ್ಲಿ ಅರ್ಜಿ ಹಿಡಿದು ಕೂರುತ್ತಿದ್ದರು. ಬಂದ ಅಧಿಕಾರಿಗಳು ಒಳ್ಳೆಯವರೇ. ಆದರೆ ನಮ್ಮ 14ನೇ ವಾರ್ಡಿನ ಚರಂಡಿ ಯಾವ ಮನೆಯ ಹತ್ತಿರ ಕಟ್ಟಿಕೊಳ್ಳುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ಬೆಂಚಿನ ಮೇಲಿದ್ದರು.

ನನ್ನ ಬೇಡಿಕೆ ಚಿಕ್ಕದು. ಅಧ್ಯಕ್ಷರ ಅಥವಾ ಮೇಯರ್ ಆಯ್ಕೆಯಾದ ನಂತರದ ಮೊದಲ ಸಾಮಾನ್ಯ ಸಭೆಯಲ್ಲಿ, ಒಟ್ಟಿಗೆ ಕೈ ಎತ್ತಿದ ಗುಂಪುಗಳು ತಮ್ಮ ಒಪ್ಪಂದವನ್ನು ಬರಹದಲ್ಲಿ ಮಂಡಿಸಲಿ. ಅಧ್ಯಕ್ಷರಾಗಿ ಕೂತವರು ಅದನ್ನು ಓದಿ, ತಮಗೆ ಒಪ್ಪಿಗೆಯೆಂದು ಸಹಿ ಮಾಡಲಿ. ಅದು ನಡಾವಳಿಗೆ ಸೇರಿ, ಒಂದು ಪ್ರತಿ ಕಚೇರಿಯ ಸೂಚನಾ ಫಲಕಕ್ಕೆ ಬರಲಿ. ಸರ್ಕಾರ ನಿಯಮಗಳಲ್ಲಿ ಇಷ್ಟು ಸೇರಿಸಬಹುದು. ಸೇರಿಸದಿದ್ದರೂ ಯಾವ ಸದನವೂ ತಾನಾಗಿ ಮಾಡಬಹುದು, ತಡೆಯುವವರಿಲ್ಲ. ಇದಕ್ಕೆ ಕಾನೂನಿನ ಬಲವಿಲ್ಲ, ಮೂವತ್ತು ತಿಂಗಳಿಗೆ ಆಯ್ಕೆಯಾದವರನ್ನು ಹದಿನೈದಕ್ಕೆ ಇಳಿಸಲಾಗದು ಎಂದು ಒಬ್ಬ ವಕೀಲರು ನನಗೆ ತಿಳಿಹೇಳಿದರು. ಗೊತ್ತು. 2007ರಲ್ಲೂ ಕಾನೂನಿನ ಬಲವಿರಲಿಲ್ಲ. ತಮ್ಮದೇ ಸಹಿಯಿರುವ ಪುಟವನ್ನು ಇಪ್ಪತ್ತು ಜನರ ಮುಂದೆ ಓದುವಾಗ ಆ ಅಧ್ಯಕ್ಷರ ಮುಖ ಹೇಗಿತ್ತೆಂದು ನಾನು ಬಲ್ಲೆ.

ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಚುನಾವಣೆಯ ಮರುದಿನ ಯಾರು ಯಾವ ರೆಸಾರ್ಟಿನಲ್ಲಿದ್ದಾರೆ ಎಂದು ಹುಡುಕುವುದರ ಜೊತೆಗೆ, ಅವರು ವಾಪಸು ಬಂದಾಗ ‘ಒಪ್ಪಂದದ ಪ್ರತಿ ಕೊಡಿ’ ಎಂದು ಕೇಳಿ. ಇಲ್ಲ ಎಂದರೆ ಇಲ್ಲ ಎಂದೇ ಅಚ್ಚು ಹಾಕಿ.

2007ರ ಆ ಪುಟಗಳಿಗಾಗಿ ಕಳೆದ ತಿಂಗಳು ನಾನೇ ದುಡಿದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅರ್ಜಿಗೆ 10 ರೂಪಾಯಿ, ಎರಡು ಪುಟಕ್ಕೆ 4 ರೂಪಾಯಿ. ರೆಕಾರ್ಡ್ ರೂಮಿನ ಹುಡುಗ ಪುಸ್ತಕ ತೆಗೆದು, “ಮೇಡಂ, ಇದು ನಿಮ್ಮ ಅಕ್ಷರವೇ ಅಲ್ವಾ?” ಎಂದ. ಸದಸ್ಯರ ಹೆಸರುಗಳ ಮೇಲೆ ಮಸಿ ಹಚ್ಚಿ ಆ ನಕಲನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಯಾವ ಊರಿನ ಸದಸ್ಯರಿಗಾದರೂ ಮಾದರಿ ಬೇಕಿದ್ದರೆ ಕೊಡಿ.

ಇಂತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕಿ
(ಹೆಸರು, ಊರು ಪ್ರಕಟಿಸಬಾರದೆಂದು ಕೋರಿಕೆ)